ಕೀರ್ತನೆಯೊಳಗಿನ ‘ನಾನು’

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ‘ಕೀರ್ತನೆ’ ಎಂಬ ಮಾತಿಗೆ ಮನೆಯಿಂದ ಮನೆಗೆ ಅರ್ಥ ಬೇರೆ. ದೀಪ ಹಚ್ಚಿ ಭಜನೆಗೆ ಕೂರುವ ಮನೆಯಲ್ಲಿ ಅದು ದಾಸರ ಪದ. ಕನ್ನಡ ಬೈಬಲ್ ಓದುವ ಮನೆಯಲ್ಲಿ ಅದು ದಾವೀದನ ಹೆಸರಿನೊಂದಿಗೆ ಬಂದಿರುವ 150 ಹಾಡುಗಳ ಪುಸ್ತಕ. ಒಂದೇ ಹೆಸರು ಎರಡಕ್ಕೂ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಎರಡರಲ್ಲೂ ಒಬ್ಬ ‘ನಾನು’ ಇದ್ದಾನೆ. ಅಳುತ್ತಾನೆ, ದೇವರ ಮೇಲೆ ಮುನಿಯುತ್ತಾನೆ, ತಾನು ಪಾಪಿ ಎನ್ನುತ್ತಾನೆ, ಮರುಗಳಿಗೆಯಲ್ಲಿ ಕುಣಿಯುತ್ತಾನೆ.

ಆ ‘ನಾನು’ ಯಾರು? “ದಾಸರು ಅಷ್ಟು ದೊಡ್ಡವರಲ್ವಾ ಟೀಚರ್, ಮತ್ತೆ ಎಂತಕ್ಕೆ ತಾನು ಪಾಪಿ ಅಂತ ಹೇಳುವುದು?” ಎಂದು ಒಂಬತ್ತನೇ ತರಗತಿಯ ಮಕ್ಕಳು ಕೇಳುತ್ತಲೇ ಇರುತ್ತಾರೆ. ಗೈಡಿನಲ್ಲಿ ‘ಇದು ಕವಿಯ ವಿನಯ’ ಎಂದು ಬರೆದಿರುತ್ತದೆ. ಅಂಕಕ್ಕೆ ಅದು ಸಾಕು, ಅರ್ಥಕ್ಕೆ ಸಾಲದು. ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆ ಕ್ರೈಸ್ತರ ಮೊದಲ ಕಾಲದ ಗುರುಗಳೂ ತಮ್ಮ ಕೀರ್ತನೆಗಳನ್ನು ಮುಂದಿಟ್ಟುಕೊಂಡು ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದರು.

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಬಿಷಪರಾಗಿದ್ದ ಅಥನಾಸಿಯಸ್, ಕಾಯಿಲೆಯಿಂದ ಎದ್ದಿದ್ದ ಮಾರ್ಸೆಲಿನಸ್ ಎಂಬವನಿಗೆ ಒಂದು ಉದ್ದದ ಪತ್ರ ಬರೆದರು. ಉಳಿದ ಗ್ರಂಥಗಳನ್ನು ನಾವು ಬೇರೆಯವರ ಮಾತೆಂದು ಕೇಳುತ್ತೇವೆ, ಕೀರ್ತನೆಗಳನ್ನು ಮಾತ್ರ ನಮ್ಮದೇ ಮಾತೆಂದು ಹೇಳುತ್ತೇವೆ, ಹಾಡುವವನಿಗೆ ಅದು ಅವನ ಮನಸ್ಸನ್ನು ತೋರಿಸುವ ಕನ್ನಡಿ ಎಂಬುದು ಆ ಪತ್ರದ ಸಾರ. ಉತ್ತರ ಆಫ್ರಿಕದ ಅಗಸ್ಟಿನ್ (354–430) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಈ 150 ಹಾಡುಗಳಿಗೂ ವ್ಯಾಖ್ಯಾನ ಹೇಳಿದರು. ಅವರ ಪ್ರಕಾರ ಹಾಡಿನ ‘ನಾನು’ ಒಬ್ಬನಲ್ಲ. ಕ್ರಿಸ್ತನೇ ತಲೆ, ನಂಬಿದವರೆಲ್ಲ ಮೈ, ಎರಡೂ ಸೇರಿ ಒಂದೇ ಬಾಯಲ್ಲಿ ಹಾಡುತ್ತವೆ. ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರೆಲ್ಲ ಹಾಡಿ ಅಭ್ಯಾಸವಿರುವ ನಮಗೆ ಇದು ಕಷ್ಟದ ತತ್ತ್ವವೇನಲ್ಲ.

ಇವರಿಗಿಂತ ಹಿಂದಿನವರು ಅದೇ ಅಲೆಕ್ಸಾಂಡ್ರಿಯಾದ ಒರಿಗೆನ್. ಅವರು ಕಾಲವಾದದ್ದು ಕ್ರಿ.ಶ. 253ರ ಸುಮಾರಿಗೆ. ಹೊರಗೊಂದು ಅರ್ಥ, ಒಳಗೊಂದು ಅರ್ಥ ಎಂದು ಓದುವುದರಲ್ಲಿ ಅವರು ಎತ್ತಿದ ಕೈ. ಬೈಬಲಿನ ‘ಪರಮ ಗೀತ’ ಮೇಲ್ನೋಟಕ್ಕೆ ಹೆಣ್ಣು ಗಂಡಿನ ಪ್ರೇಮದ ಹಾಡು. ಅಲ್ಲಿಯ ವಧು ನಮ್ಮ ಆತ್ಮ, ವರ ದೇವರ ವಾಕ್ಯ ಎಂದರು ಒರಿಗೆನ್. ಅಕ್ಕಮಹಾದೇವಿಯನ್ನು ಓದಿದವರಿಗೆ ಇದರಲ್ಲಿ ಹೊಸತೇನಿಲ್ಲ. ಆದರೆ 137ನೇ ಕೀರ್ತನೆಯ ಹತ್ತಿರ ಬಂದಾಗ ನಾನು ನಿಲ್ಲುತ್ತೇನೆ. ಊರು ಕಳಕೊಂಡು ಬಾಬಿಲೋನಿಗೆ ಸೆರೆಯಾಗಿ ಹೋದವರ ಹಾಡು ಅದು. ಹಾಡುತ್ತ ಹಾಡುತ್ತ ಕೊನೆಗೆ, ಶತ್ರುವಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಎಂಬಲ್ಲಿಗೆ ಬಂದುಬಿಡುತ್ತದೆ. ಇಲ್ಲಿ ಕೂಸೆಂದರೆ ಮಗುವಲ್ಲ, ಮನಸ್ಸಿನಲ್ಲಿ ಆಗಷ್ಟೇ ಹುಟ್ಟಿದ ಕೆಟ್ಟ ಯೋಚನೆ, ಬೆಳೆಯುವ ಮೊದಲೇ ಅದನ್ನು ಕೊಲ್ಲಬೇಕು ಎಂದು ಒರಿಗೆನ್ ಅರ್ಥ ಹೇಳಿದರು.

ಜಾಣ ಉತ್ತರ ಹೌದು. ಆದರೂ ನನ್ನ ಅಮ್ಮ ನೆನಪಾಗುತ್ತಾರೆ. ಎರಡು ವರ್ಷದ ಗಂಡುಮಗುವನ್ನು ಜ್ವರದಲ್ಲಿ ಕಳಕೊಂಡವರು ಅವರು. ಆಮೇಲೆ ಎಷ್ಟೋ ವರ್ಷ ಸಂಜೆ ಒಂದೇ ಪದವನ್ನು ಹಾಡುತ್ತಿದ್ದರು. ಅದರ ಒಳ ಅರ್ಥ ಏನೆಂದು ಅವರು ಯಾರಲ್ಲಿಯೂ ಕೇಳಲಿಲ್ಲ. ಅದರಲ್ಲಿದ್ದ ‘ನಾನು’ ಅಮ್ಮನೇ. ಅಂಥವರ ಮುಂದೆ ಕೂತು ಕೂಸೆಂದರೆ ಯೋಚನೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಒರಿಗೆನ್ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಹುಡುಗನಾಗಿದ್ದಾಗಲೇ ರೋಮಿನ ಆಡಳಿತ ಅವರ ತಂದೆಯನ್ನು ನಂಬಿಕೆಯ ಕಾರಣಕ್ಕೆ ಕೊಲ್ಲಿಸಿತ್ತು. ಮುಪ್ಪಿನಲ್ಲಿ ಅವರೂ ಸೆರೆಯಲ್ಲಿ ಚಿತ್ರಹಿಂಸೆ ಉಂಡರು. ಸೇಡಿಗೆ ಕಾರಣವಿದ್ದ ಮನುಷ್ಯ ಸೇಡಿನ ಸಾಲನ್ನು ತನ್ನ ಒಳಗಿನ ಕೇಡಿನ ಮೇಲೆ ತಿರುಗಿಸಿಕೊಂಡರು. ಅದನ್ನು ಬರೀ ಜಾಣತನ ಎಂದು ತಳ್ಳಿಹಾಕುವಂತಿಲ್ಲ.

ನನಗೆ ಇವರೆಲ್ಲರಿಗಿಂತ ಹತ್ತಿರದವರು ಎಫ್ರೇಮ್. ಸಿರಿಯಾಕ್ ಭಾಷೆಯ ಕವಿ. ಹುಟ್ಟಿದ್ದು ಈಗಿನ ತುರ್ಕಿಯ ಗಡಿಯಲ್ಲಿರುವ ನಿಸಿಬಿಸ್ ಪಟ್ಟಣದಲ್ಲಿ. 363ರಲ್ಲಿ ಆ ಊರು ಪರ್ಷಿಯನ್ನರ ಪಾಲಾದಾಗ ಊರು ಬಿಟ್ಟು ಎಡೆಸ್ಸಾ ಸೇರಿದರು. 373ರಲ್ಲಿ ತೀರಿಕೊಂಡರು. ಆ ಊರಲ್ಲಿ ಬೇರೆ ಪಂಥದವರ ಹಾಡುಗಳು ಜನರ ಬಾಯಲ್ಲಿದ್ದವು. ಎಫ್ರೇಮ್ ಆ ಧಾಟಿಗಳನ್ನೇ ಎತ್ತಿಕೊಂಡು ತನ್ನ ಮಾತು ಕೂಡಿಸಿದರು ಎಂದು ಹಳೆಯ ಚರಿತ್ರೆಕಾರರು ಹೇಳುತ್ತಾರೆ. ಹಾಡಲು ಕೂರಿಸಿದ್ದು ಹೆಂಗಸರನ್ನು! ಹೆಣ್ಣು ಬಾಯಿ ತೆರೆಯಬಾರದೆಂಬ ಕಾಲದಲ್ಲಿ ಇಗರ್ಜಿಯೊಳಗೆ ಹೆಂಗಸರ ಮೇಳ ಕಟ್ಟಿದ್ದಕ್ಕಾಗಿ, ಮುಂದೆ 521ರಲ್ಲಿ ತೀರಿಕೊಂಡ ಸೆರೂಗಿನ ಯಾಕೋಬ ಎಂಬ ಕವಿ ಅವರನ್ನು ಬಾಯ್ತುಂಬ ಹೊಗಳಿದ್ದಾನೆ. ಗ್ರಂಥದ ಅರ್ಥ ಒರತೆಯಂತೆ, ಬಾಯಾರಿದವನು ತನಗೆ ಬೇಕಾದಷ್ಟು ಕುಡಿದು ಹೋಗಲಿ, ಒರತೆ ಬತ್ತಲಿಲ್ಲವೆಂದು ದುಃಖಪಡುವುದೇಕೆ ಎಂಬುದು ಎಫ್ರೇಮರ ನಿಲುವು. ಒಳ ಅರ್ಥ ಹೇಳುವ ಗುರುವಿಗೂ ನನ್ನ ಅಮ್ಮನಿಗೂ ಆ ಒರತೆಯ ಬಳಿ ಜಾಗವಿದೆ.

ಈ ಎಫ್ರೇಮ್ ನಮ್ಮ ಊರಿಗೂ ಬಂದಿದ್ದಾರೆ. ಕಳೆದ ಶತಮಾನದಲ್ಲಿ ತಿರುವಾಂಕೂರಿನ ಕಡೆಯಿಂದ ಬಂದು ಕಡಬ, ಸುಳ್ಯದ ಗುಡ್ಡಗಳಲ್ಲಿ ಮರಗೆಣಸು, ರಬ್ಬರು ಬೆಳೆಸಿದ ಸಿರಿಯನ್ ಕ್ರೈಸ್ತರ ಜೊತೆಗೆ. ಮಲಂಕರ ಕೆಥೊಲಿಕರಿಗೆ 2010ರಲ್ಲಿ ಪುತ್ತೂರಿನಲ್ಲೇ ಧರ್ಮಪ್ರಾಂತ್ಯವಾಯಿತು. ಅವರ ಸಂಜೆಯ ಪ್ರಾರ್ಥನೆಯಲ್ಲಿ ಎಫ್ರೇಮರ ಹೆಸರಿನ ಹಾಡಿದೆ. ಅವರ ಹೆಸರಲ್ಲಿ ಒಂದು ಛಂದಸ್ಸೇ ಇದೆ, ಸಾಲಿಗೆ ಏಳು ಅಕ್ಷರದ್ದು. ಮಲಯಾಳಕ್ಕೆ ಬಂದರೂ ಧಾಟಿ ಉಳಿದಿದೆ. ಷಟ್ಪದಿಗೆ ಮಾತ್ರೆ ಲೆಕ್ಕ ಹಾಕಿ ಬೇಸತ್ತ ನನಗೆ ಈ ಏಳರ ಲೆಕ್ಕ ಎಷ್ಟು ಹಗುರ ಅನ್ನಿಸಿತು!

ಬೇರೆಯವರ ಧಾಟಿಯಲ್ಲಿ ತನ್ನ ದೇವರನ್ನು ಹಾಡುವ ಈ ಕೆಲಸ ನಮ್ಮ ಕನ್ನಡದಲ್ಲೂ ನಡೆಯಿತು. ಬಾಸೆಲ್ ಮಿಶನಿನ ಕಿಟೆಲ್ 1862ರಲ್ಲಿ ಏಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸುಗಳಲ್ಲಿ ‘ಕಥಾಮಾಲೆ’ ಎಂದು ಕಟ್ಟಿದರು. ಆದರೆ ಅವರಿಗಿಂತ ಮೊದಲು ಬಂದ ಮೊಗ್ಲಿಂಗರ ಕೆಲಸ ಇನ್ನೂ ಕಷ್ಟದ್ದು. ಅವರು ಓದಬೇಕಾದದ್ದು ಬೇರೆಯವರ ದೇವರ ಹಾಡನ್ನು. ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, 1850ರಲ್ಲಿ ‘ದಾಸರ ಪದಗಳು’ ಎಂಬ ಸಂಗ್ರಹವನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಬಂದದ್ದು ಮತ ಬದಲಾಯಿಸಲು ಎಂಬುದನ್ನು ಮರೆಯಬೇಕಾಗಿಲ್ಲ. ದಾಸರು ಡಾಂಭಿಕ ಮಡಿಯನ್ನು ಹಂಗಿಸುವ ಪದಗಳು ಅಂಥವರಿಗೆ ವಾದಕ್ಕೆ ಒದಗುವಂಥವೂ ಹೌದು. ಆದರೆ ವಾದಕ್ಕೆ ನಾಲ್ಕು ಪದ ಸಾಕು, ಇಡೀ ಪುಸ್ತಕ ಬೇಡ.

ಆ ಪದಗಳಲ್ಲಿ ಕೆಲವನ್ನು ಅವರು ಜರ್ಮನ್ ಭಾಷೆಗೂ ತಂದರು. 1860ರಲ್ಲಿ ಅವು ಅಲ್ಲಿಯ ವಿದ್ವಾಂಸರ ಪತ್ರಿಕೆಯಲ್ಲಿ ಅಚ್ಚಾದವು. ಜರ್ಮನ್ನಿನಲ್ಲಿ ‘ನಾನು’ ಎನ್ನಲು ‘ಇಷ್’ ಎನ್ನುತ್ತಾರಂತೆ. ವಿಠಲನ ಮುಂದೆ ನಿಂತ ದಾಸರ ಮಾತನ್ನು ತನ್ನ ತಾಯ್ನುಡಿಯಲ್ಲಿ ಬರೆಯುವಾಗ ಆ ಪಾದ್ರಿ ಎಷ್ಟು ಸಲ ‘ಇಷ್’ ಎಂದು ಬರೆದಿರಬೇಕು!