ದೂರದ ಬೆಟ್ಟ

‘ಫ್ಲೈಟಲ್ಲಿ ನೋಡೋದೂ ಒಂದು ನೋಡೋದಾ ಮಗಾ?’ ಅಂದ ಆಫೀಸಿನ ಗೆಳೆಯ. ಅವನು ದಿನಗಟ್ಟಲೆ ನಡೆದು ಎವರೆಸ್ಟ್ ಬೇಸ್ ಕ್ಯಾಂಪ್ ಮುಟ್ಟಿ ಬಂದವನು. ನಾನೋ, ಅಮ್ಮನ ಜೊತೆ ಕಠ್ಮಂಡುವಿನಲ್ಲಿ ಬೆಳಗಿನ ಮೌಂಟನ್ ಫ್ಲೈಟ್ ಹತ್ತಿ, ಒಂದು ಗಂಟೆ ಶಿಖರಗಳ ಸಾಲು ನೋಡಿ, ತಿಂಡಿ ಹೊತ್ತಿಗೆ ಹೋಟೆಲಿಗೆ ವಾಪಸಾದವನು. ಅಮ್ಮನ ಮಂಡಿಗೆ ನಮ್ಮನೆ ಮಹಡಿ ಮೆಟ್ಟಿಲೇ ಎವರೆಸ್ಟು. ಬೇರೆ ದಾರಿ ಇರಲಿಲ್ಲ. ಆದರೂ ಅವನ ಮಾತು ಚುಚ್ಚಿತು. ಶಾರ್ಟ್‌ಕಟ್ ಹೊಡೆದೆವಾ?

ವಿಮಾನದಲ್ಲಿ ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು ಕೇಳಿದ್ದಳು: ‘ಇದನ್ನ ಹೆಂಗೋ ಅಳೆದ್ರು? ಟೇಪ್ ಹಿಡ್ಕೊಂಡು ಹತ್ತಿದ್ರಾ?’ ಫೋಟೋ ತೆಗೆಯುವ ಗಡಿಬಿಡಿಯಲ್ಲಿ ‘ಆಮೇಲೆ ಹೇಳ್ತೀನಿ’ ಅಂದಿದ್ದೆ. ಊರಿಗೆ ಬಂದು ಓದಿದೆ.

ಯಾರೂ ಹತ್ತಿರಲಿಲ್ಲ. ಹತ್ತಿರಕ್ಕೂ ಹೋಗಿರಲಿಲ್ಲ. ಆಗ ಬ್ರಿಟಿಷ್ ಸರ್ವೆಯವರಿಗೆ ನೇಪಾಳದೊಳಕ್ಕೆ ಪ್ರವೇಶವೇ ಇರಲಿಲ್ಲ. 1849–50ರಲ್ಲಿ ಅವರು ಗಡಿಯ ಈಚೆ, ಬಯಲುಸೀಮೆಯಲ್ಲಿ ಥಿಯೋಡಲೈಟ್ ನಿಲ್ಲಿಸಿ, ನೂರೈವತ್ತು ಕಿಲೋಮೀಟರಿಗೂ ದೂರದಿಂದ ಆ ಬಿಳಿ ತುದಿಯ ಕೋನಗಳನ್ನು ಬರೆದುಕೊಂಡರು. ಟಿಬೆಟಿನವರಿಗೆ ಅದು ಚೊಮೊಲುಂಗ್ಮಾ. ಸರ್ವೆ ಕಡತದಲ್ಲಿ ಬರೀ 15ನೇ ಶಿಖರ. ಅದೇ ಎಲ್ಲಕ್ಕಿಂತ ಎತ್ತರದ್ದು ಅನ್ನೋ ಲೆಕ್ಕದ ಹಿಂದೆ ಇದ್ದವರು ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರ್. ಶಿಖರಕ್ಕೆ ಹೆಸರು ಮಾತ್ರ ಅದಾಗಲೇ ನಿವೃತ್ತರಾಗಿದ್ದ ಸರ್ವೆಯರ್ ಜನರಲ್ ಜಾರ್ಜ್ ಎವರೆಸ್ಟ್ ಅವರದ್ದಾಯಿತು.

1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ, ಅಂದರೆ ಹತ್ತಿರ ಹತ್ತಿರ 8,840 ಮೀಟರ್. 2020ರಲ್ಲಿ ನೇಪಾಳ, ಚೀನಾ ಸೇರಿ ಘೋಷಿಸಿದ್ದು 8,848.86. ಉಪಗ್ರಹಗಳ ಕಾಲದ ಲೆಕ್ಕಕ್ಕೂ ಕೈಲೆಕ್ಕಕ್ಕೂ ವ್ಯತ್ಯಾಸ 9 ಮೀಟರ್!

ಇನ್ನು ವಿಮಾನದಿಂದ ನೋಡೋದು ಸುಲಭ ಅನ್ನೋದಾದರೆ, 1933ರ ಏಪ್ರಿಲ್ 3ರ ಕಥೆ ಕೇಳಿ. ಲೇಡಿ ಹೂಸ್ಟನ್ ಎಂಬ ಶ್ರೀಮಂತೆಯ ದುಡ್ಡಿನಲ್ಲಿ ಬಿಹಾರದ ಪೂರ್ಣಿಯಾ ಬಳಿಯಿಂದ ಎರಡು ಬೈಪ್ಲೇನ್‌ಗಳು ಎವರೆಸ್ಟ್ ಮೇಲೆ ಹಾರಲು ಹೊರಟವು. ಪೈಲಟ್‌ಗಳಾದ ಕ್ಲೈಡ್ಸ್‌ಡೇಲ್ ಮತ್ತು ಮ್ಯಾಕಿಂಟೈರ್ ಕೂತಿದ್ದು ಮುಚ್ಚಿಗೆಯಿಲ್ಲದ ಕಾಕ್‌ಪಿಟ್‌ನಲ್ಲಿ. ಮೈ ಬೆಚ್ಚಗಿಡಲು ಕರೆಂಟಿನಿಂದ ಕಾಯುವ ಉಡುಪು, ಉಸಿರಿಗೆ ಆಕ್ಸಿಜನ್ ಕೊಳವೆ. ಸಿನಿಮಾ ಕ್ಯಾಮೆರಾ ಹಿಡಿದಿದ್ದ ಬಾನೆಟ್ ಅವರ ಕೊಳವೆ ಬಿರುಕು ಬಿಟ್ಟಿತು. ಅದಕ್ಕೆ ಕರವಸ್ತ್ರ ಸುತ್ತಿಕೊಂಡರು, ಆದರೂ ಪ್ರಜ್ಞೆ ತಪ್ಪಿದರು; ವಿಮಾನ ಕೆಳಗಿಳಿದ ಮೇಲೆ ಚೇತರಿಸಿಕೊಂಡರು. ಶಿಖರದ ಮೇಲೇನೋ ಹಾರಿದರು. ಆದರೆ ಧೂಳು ಮುಸುಕಿದ್ದರಿಂದ ನಕ್ಷೆಗೆ ಬೇಕಿದ್ದ ಫೋಟೋಗಳು ಕೆಟ್ಟವು. ಏಪ್ರಿಲ್ 19ರಂದು, ಬೇಡವೆಂಬ ಆದೇಶ ಮೀರಿ ಮತ್ತೆ ಹಾರಿ, ಬೇಕಾದ ಚಿತ್ರ ತಂದರು. ತೇನ್ಸಿಂಗ್, ಹಿಲರಿ ತುದಿಯಲ್ಲಿ ಕಾಲಿಟ್ಟಿದ್ದು ಅದಾಗಿ 20 ವರ್ಷಕ್ಕೆ, 1953ರಲ್ಲಿ.

ಹತ್ತಿದವರ ಸಾಹಸ ಕಡಿಮೆಯದ್ದಲ್ಲ. ಆದರೆ ಅವರಿಗೂ ಮೊದಲು ದೂರದಿಂದ ನೋಡಿದವರಿದ್ದರು, ಗಮನವಿಟ್ಟು. ದೂರದ ಬೆಟ್ಟ ನುಣ್ಣಗೆ ಅಂತೀವಿ. ಸುಮ್ಮನೆ ನೋಡುವವರಿಗೆ ನುಣ್ಣಗೆ ಇರಬಹುದು. ಅವತ್ತು ಕಿಟಕಿಯಲ್ಲಿ ನಾನು ನೋಡಿದ್ದು ನನ್ನ ಮೊಬೈಲನ್ನು. ಬೆಟ್ಟ ನೋಡಿ ಪ್ರಶ್ನೆ ಕೇಳಿದ್ದು ಅಮ್ಮ.

ಅವಳಿಗೆ ಇಷ್ಟನ್ನೂ ಹೇಳಿದೆ. ಹುರುಳಿಕಾಯಿ ಸೋಸುತ್ತಾ ಕೇಳಿಸಿಕೊಂಡು ಅಂದಳು: ‘ಅಳೆದವರಿಗಿಂತ ನಾವೇ ಹತ್ತಿರದಿಂದ ನೋಡಿದ್ವಲ್ಲೋ. ನಿನ್ನ ಫ್ರೆಂಡಿಗೆ ಹೇಳು.’