ಸೀಲಿಯಾಕ್ ರೋಗ, ಮಕ್ಕಳ ಮೂಳೆ ಮತ್ತು ಕೊಡಗಿನ ಅಕ್ಕಿಯೂಟ

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದು, ಸಣ್ಣ ಕರುಳಿನ ಒಳಪದರವನ್ನು ಕೆಡಿಸುವ ಕಾಯಿಲೆ ಸೀಲಿಯಾಕ್. ಕರುಳಿನ ಮೊದಲ ಭಾಗವೇ ಹೆಚ್ಚು ಹಾಳಾಗುತ್ತದೆ. ಕ್ಯಾಲ್ಸಿಯಂ ಚೆನ್ನಾಗಿ ಹೀರಿಕೊಳ್ಳುವುದೂ ಅದೇ ಭಾಗ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯನ್ನು ಕರಗಿಸಿ ಕೊರತೆ ತುಂಬುತ್ತದೆ. ಹೊಟ್ಟೆಯ ತೊಂದರೆಯೇ ಇಲ್ಲದೆ, ಮಗು ಎತ್ತರ ಬೆಳೆಯದಿರುವುದಷ್ಟೇ ಕಾಣಬಹುದು.

ಗೋಧಿಯ ಮೇಲೆ ಅನುಮಾನ ಬೀಳುವ ಮೊದಲೇ ಮೂಳೆಯ ಹಾನಿ ವೈದ್ಯರ ಕಣ್ಣಿಗೆ ಬಿದ್ದಿತ್ತು. ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲಿ ರೋಗವನ್ನು ವಿವರಿಸಿ, ಗುಣವಾಗುವುದಿದ್ದರೆ ಪಥ್ಯದಿಂದಲೇ ಎಂದರು. ಯಾವ ಪಥ್ಯ ಎಂಬುದು ತಿಳಿಯಲು ಅರವತ್ತು ವರ್ಷ ಬೇಕಾಯಿತು. 1927ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಲಿಯೊನಾರ್ಡ್ ಪಾರ್ಸನ್ಸ್ ಇಂಥ ಮಕ್ಕಳ ಮೂಳೆ ಬದಲಾವಣೆಗಳಿಗೂ ರಿಕೆಟ್ಸ್‌ಗೂ ಇರುವ ನಂಟನ್ನು ಚರ್ಚಿಸಿದರು. ಗೋಧಿಯೇ ಕಾರಣವೆಂದು ತೋರಿಸಿದ್ದು ಡಚ್ ಮಕ್ಕಳ ತಜ್ಞ ವಿಲ್ಲೆಮ್ ಡಿಕೆ ಅವರ 1950ರ ಪ್ರೌಢಪ್ರಬಂಧ.

ಭಾರತದಲ್ಲಿ ಇದು ಬಹುಕಾಲ ಉತ್ತರದವರ ಕಾಯಿಲೆ ಎನಿಸಿಕೊಂಡಿತ್ತು. 2016ರಲ್ಲಿ ಪ್ರಕಟವಾದ, 23,331 ವಯಸ್ಕರ ಸಮೀಕ್ಷೆಯಲ್ಲಿ ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಮಂದಿಯ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯ ಕಂಡಿತು. ಸಂಬಂಧಿಸಿದ ಜೀನ್‌ಗಳು ಎರಡೂ ಕಡೆ ಹೆಚ್ಚುಕಡಿಮೆ ಸಮ. ದಿನದ ಗೋಧಿ ಮಾತ್ರ ಅಲ್ಲಿ ಸುಮಾರು 455 ಗ್ರಾಂ, ಇಲ್ಲಿ 25.

ಕೊಡಗಿನ ಅಡುಗೆಮನೆಗೆ ಗೋಧಿಯಿಲ್ಲದ ಪಥ್ಯ ಹೊಸದೇನಲ್ಲ. ಅಕ್ಕಿತರಿಯನ್ನು ನೀರಿನಲ್ಲಿ ಬೇಯಿಸಿ, ಉಂಡೆ ಕಟ್ಟಿ ಹಬೆಯಲ್ಲಿಡುವ ಕಡಂಬುಟ್ಟು, ಶಾವಿಗೆಯಂತೆ ಒತ್ತುವ ನೂಪುಟ್ಟು, ತೆಂಗಿನತುರಿ ಹಾಲು ಬೆರೆತ ಪಾಪುಟ್ಟು, ಅಕ್ಕಿ ಒತ್ತಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ತೊಡಕು ಬರುವುದು ಪರೋಟ, ಬೇಕರಿ ಬನ್ನು, ರವೆ ಉಪ್ಪಿಟ್ಟಿನಿಂದ. ಅಂಗಡಿಯ ಪುಡಿ ಇಂಗಿಗೂ ಎಷ್ಟೋ ಸಲ ಗೋಧಿಹಿಟ್ಟು ಬೆರೆತಿರುತ್ತದೆ. ಸಾಂಬಾರಿಗೆ ಹಾಕುವ ಚಿಟಿಕೆಯನ್ನು ಯಾರು ತಾನೇ ಅನುಮಾನಿಸುತ್ತಾರೆ?

ಪಥ್ಯ ಬೇಗ ಶುರುವಾದರೆ ಹೆಚ್ಚಿನ ಮಕ್ಕಳ ಮೂಳೆಯ ಸಾಂದ್ರತೆ ಒಂದೆರಡು ವರ್ಷಗಳಲ್ಲಿ ಸುಧಾರಿಸುತ್ತದೆ. ದೊಡ್ಡವರಲ್ಲಿ ಅಷ್ಟು ಪೂರ್ತಿಯಾಗಿ ಆಗದು. ಆದರೆ ಗೋಧಿ ಬಿಟ್ಟು ಬರಿಯ ಅಕ್ಕಿ ಹಿಡಿದರೆ ಕರುಳು ಮಾಗೀತು, ಮೂಳೆ ತುಂಬದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹಾಲು, ಮೊಸರು, ಮುಳ್ಳುಸಮೇತ ತಿನ್ನುವ ಸಣ್ಣ ಮೀನು ತಟ್ಟೆಗೆ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿದ ಮಡಿಕೇರಿಯಲ್ಲಿ ಬಿಸಿಲಿನ ವಿಟಮಿನ್ ಡಿ ನೆಚ್ಚುವಂತಿಲ್ಲ. ವೈದ್ಯರು ರಕ್ತ ನೋಡಿ ಮಾತ್ರೆಯ ಪ್ರಮಾಣ ಗೊತ್ತುಮಾಡುತ್ತಾರೆ. ಅನುಮಾನ ಬಂದ ಕೂಡಲೇ ಪರೀಕ್ಷೆಗೆ ಮುಂಚೆ ಗೋಧಿ ಬಿಡಿಸುವುದು ತಪ್ಪು. ಪರೀಕ್ಷೆಯಲ್ಲಿ ಹುಡುಕುವ, ರಕ್ತದಲ್ಲಿನ ಟಿಟಿಜಿ ಎಂಬ ಪ್ರತಿಕಾಯ ಇಳಿದು ರೋಗ ಪತ್ತೆಯಾಗದೇ ಹೋಗಬಹುದು.