ಪ್ಲೇಗಿನ ಗುಡಿಸಲು, ಕೊರೊನಾದ ಕಿಟಕಿ: ಹಿರಿಯರ ಕೈಗೆ ಕೆಲಸ, ಕಿವಿಗೆ ಮಾತು

ಇವತ್ತಿನ ಕಂತಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹೋಗಿ ಬರೋಣ. ಪ್ರಶ್ನೆ ಒಂದೇ: ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಮನೆಯ ಹಿರಿಯರು ದಿನ ಹೇಗೆ ಕಳೀತಿದ್ದರು?

1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಬೆಂಗಳೂರು-ಮೈಸೂರು ರೈಲು ಅಷ್ಟರಲ್ಲಾಗಲೇ ಶ್ರೀರಂಗಪಟ್ಟಣದ ಮೇಲೆ, ಆಗ ಫ್ರೆಂಚ್ ರಾಕ್ಸ್ ಅಂತ ಕರೆಸಿಕೊಳ್ತಿದ್ದ ಪಾಂಡವಪುರದ ಮೇಲೆ ಓಡ್ತಾ ಇತ್ತು. ಸರ್ಕಾರ ಮನೆಮನೆ ತಪಾಸಣೆ ಶುರುಮಾಡಿತು. ರೋಗಿಯನ್ನು ಒಂದು ಕಡೆ, ಮನೆಯವರನ್ನು ಇನ್ನೊಂದು ಕಡೆ ಇಟ್ಟರು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಜನ ದಂಗೆ ಎದ್ದರು.

ಮೂಢನಂಬಿಕೆ ಅಂದು ಇದನ್ನು ತಳ್ಳಿಹಾಕೋದು ಸುಲಭ. ಆದರೆ ಅದೇ ಹಳ್ಳಿಯ ಜನ ಇಲಿ ಬಿದ್ದರೆ ತಾವಾಗಿಯೇ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕ್ತಿದ್ದರು. ದೂರ ಇರೋದಕ್ಕೆ ಅವರ ತಕರಾರಿರಲಿಲ್ಲ, ಬೇರೆ ಮಾಡೋದಕ್ಕಿತ್ತು. ಗುಡಿಸಲಿಗೆ ದನಕರು ಹೋಗ್ತಿತ್ತು, ಒಲೆಗುಂಡು ಹೋಗ್ತಿತ್ತು, ಅಜ್ಜಿಯೂ ಹೋಗ್ತಿದ್ದಳು. ಅಜ್ಜಿ ಜೊತೆ ಅವಳ ಕೆಲಸವೂ: ಮಗು ತೂಗೋದು, ಕಾಳು ಕೇರೋದು, ಒಲೆ ಕಾಯೋದು.

ಈಗ 2020ಕ್ಕೆ ಬನ್ನಿ. ಮಾರ್ಚ್ 25ರಿಂದ ದೇಶಕ್ಕೇ ಬೀಗ. ಆ ವರ್ಷ ಮೇಲುಕೋಟೆಯ ವೈರಮುಡಿಗೆ ಜಾತ್ರೆ ಸೇರಲಿಲ್ಲ. ಮೇ ತಿಂಗಳಲ್ಲಿ ಮುಂಬೈಯಿಂದ ವಾಪಸಾದವರನ್ನು, ಅವರಲ್ಲಿ ಕೆ.ಆರ್. ಪೇಟೆ, ನಾಗಮಂಗಲದವರೇ ಬಹಳ, ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದರು. 65 ದಾಟಿದವರು ಮನೆ ಬಿಡಬೇಡಿ ಅಂತ ಕೇಂದ್ರದ ಸೂಚನೆ ಬಂತು. ಹಳ್ಳಿಯ ಹಿರಿಯರಿಗೆ ಜಗಲಿಯೇ ಕ್ಲಬ್ಬು, ಅರಳಿಕಟ್ಟೆಯೇ ಪೇಪರು. ಎರಡೂ ಒಟ್ಟಿಗೆ ಹೋದವು.

ವೃದ್ಧಾಶ್ರಮದಲ್ಲಿದ್ದವರಿಗೆ ಜಗಲಿಯೂ ಇರಲಿಲ್ಲ. ನಮ್ಮ ಅಜ್ಜಿ ಒಬ್ಬರು ಆಗ ಅಂಥ ಕಡೆ ಇದ್ದರು. ಭೇಟಿ ಬಂದ್. ಫೋನ್ ಮಾಡಿ "ಊಟ ಆಯ್ತಾ ಅಜ್ಜಿ?" ಅಂದ್ರೆ, "ಊಟಕ್ಕೇನಪ್ಪ ಬರ? ಕೈಗೆ ಕೆಲಸ ಇಲ್ಲ ನೋಡು," ಅನ್ನೋರು. ಆಮೇಲೆ ಅಲ್ಲಿಯ ಆಯಾ ಒಬ್ಬರು ಹತ್ತಿ ತಂದುಕೊಟ್ಟರು. ಅಜ್ಜಿ ದಿನಾ ಬತ್ತಿ ಹೊಸೆದರು. ಅವರೆಕಾಯಿ ಕಾಲ ಬಂದಾಗ ಅಡುಗೆಮನೆಗೆ ಕಾಯಿ ಬಿಡಿಸಿಕೊಟ್ಟರು. ಫೋನಿನಲ್ಲಿ ಹೇಳೋಕೆ ಸುದ್ದಿ ಸಿಕ್ಕಿತು: "ಇವತ್ತು ನೂರು ಬತ್ತಿ ಮಾಡ್ದೆ ಕಣೋ." ನಮಗೂ ಕೇಳೋಕೆ ಏನೋ ಇತ್ತು.

ಇದು ನಮ್ಮ ಕಡೆಯ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ 2020ರ ಮಾರ್ಚ್ 13ರಂದು ಹಿರಿಯರ ಆರೈಕೆ ಕೇಂದ್ರಗಳಿಗೆ ಭೇಟಿ ನಿಲ್ಲಿಸಲು ಅಲ್ಲಿಯ ಕೇಂದ್ರ ಸರ್ಕಾರ ಹೇಳಿತು. ಸೆಪ್ಟೆಂಬರ್ ಹೊತ್ತಿಗೆ ಅದೇ ಸರ್ಕಾರ ನಿಯಮ ಸಡಿಲಿಸಿತು. ಮನೆಯವರಿಂದ ದೂರವಾಗಿ ಹಿರಿಯರ ಮೈಯೂ ಮನಸ್ಸೂ ಸೊರಗಿವೆ ಅಂತ ಒಪ್ಪಿಕೊಂಡೇ ಸಡಿಲಿಸಿತು.

ಪ್ಲೇಗಿನ ಕಾಲ ಒಳ್ಳೆಯದಿತ್ತು ಅಂತ ನಾನು ಹೇಳ್ತಿಲ್ಲ. ಗುಡಿಸಲಲ್ಲೂ ಸಾವಿತ್ತು, ಮಳೆ ಚಳಿ ಇತ್ತು. ಕೊರೊನಾದಲ್ಲಿ ಬಾಗಿಲು ಹಾಕದೇ ಇದ್ದಿದ್ದರೆ ಇನ್ನೂ ಎಷ್ಟೋ ಹಿರಿಯರನ್ನು ಕಳ್ಕೊಳ್ತಿದ್ದೆವು. ಆದರೆ ಬಾಗಿಲು ಹಾಕುವ ಆದೇಶದಲ್ಲೇ ಇನ್ನೆರಡು ಸಾಲು ಇರಬೇಕು: ದಿನಕ್ಕೊಂದು ಸಲ ಮನೆಯವರ ದನಿ ಕೇಳಿಸುವುದು, ಯಾರಿಗಾದರೂ ಉಪಯೋಗಕ್ಕೆ ಬರುವ ಒಂದು ಕೆಲಸ ಕೊಡುವುದು. ಟಿವಿ ಹಾಕಿ ಕೂರಿಸೋದು ಕೆಲಸ ಅಲ್ಲ. ನನ್ನಿಂದ ಈ ಮನೆಗೆ ಏನೋ ಆಯಿತು ಅನ್ನಿಸಬೇಕು, ಅದು ಕೆಲಸ.

ಮುಂದಿನ ರೋಗ ಯಾವುದೋ, ಯಾವಾಗಲೋ. ನಿಮ್ಮ ಮನೆಯ ಹಿರಿಯರ ಕೈಗೆ ಯಾವ ಕೆಲಸ ಒಗ್ಗುತ್ತೆ ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ಪ್ಲೇಗಿನ ಕಾಲದ ನೆನಪನ್ನು ಹಿಂದಿನವರಿಂದ ಕೇಳಿದ್ದವರು ಇದ್ದರೆ ಅದನ್ನೂ ಕೇಳಿ, ಬರೆದಿಡಿ. ಹಾಗೆ ಕೂತು ಕೇಳೋದೂ ಅವರಿಗೊಂದು ಜೊತೆಯೇ.